ಮೊದಲು ಕಿವಿ, ಆಮೇಲೆ ಕ್ಯಾಮೆರಾ: ಗೋವಾ ವಿಮೋಚನೆಯ ಬಗ್ಗೆ ಪ್ರಯೋಗಾತ್ಮಕ ಸಾಕ್ಷ್ಯಚಿತ್ರ ಮಾಡುವ ದಾರಿ

1961ರ ಡಿಸೆಂಬರಿನಲ್ಲಿ ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾಯಿತು. ಆ ವಿಮೋಚನೆಯ ಬಗ್ಗೆ ಸಾಕ್ಷ್ಯಚಿತ್ರ ಮಾಡಬೇಕು ಅಂತ ಹೊರಟವರು ಮೊದಲು ಹಳೆಯ ಫಿಲ್ಮ್ ಹುಡುಕುತ್ತಾರೆ. ನೀವು ಮೊದಲು ರೇಡಿಯೋ ಹುಡುಕಿ.

ಯಾಕೆ ಅಂದರೆ, ಆ ಹೋರಾಟದ ದೊಡ್ಡ ಪಾಲು ಕಣ್ಣಿಗೆ ಬೀಳಲಿಲ್ಲ, ಕಿವಿಗೆ ಬಿತ್ತು. ಪೋರ್ಚುಗೀಸರ ಗೋವಾದಲ್ಲಿ ಸಭೆ ಸೇರುವುದಕ್ಕೂ ಅನುಮತಿ ಬೇಕು, ಪತ್ರಿಕೆಗೂ ಸೆನ್ಸಾರ್. ಕ್ಯಾಮೆರಾ ಹಿಡಿದು ಯಾರು ಓಡಾಡುತ್ತಿದ್ದರು? 1955ರ ನವೆಂಬರ್ 25ರಂದು ಗಡಿಯಾಚೆಯ ಕಾಡಿನಿಂದ ಒಂದು ಗುಪ್ತ ರೇಡಿಯೋ ಮಾತಾಡಲು ಶುರು ಮಾಡಿತು. ಕೊಂಕಣಿಯಲ್ಲಿ ಅದರ ಹೆಸರು 'ಗೋಂಯಚೆ ಸಡವಣೆಚೋ ಆವಾಜ್'. ಪೋರ್ಚುಗೀಸ್ ಭಾಷೆಯಲ್ಲೂ ಪ್ರಸಾರ ಇತ್ತು. ನಡೆಸಿದವರು ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೋ. ಮೊದಲು ಇಂದಿನ ಮಹಾರಾಷ್ಟ್ರದ ಅಂಬೋಲಿಯ ಕಾಡು, ಆಮೇಲೆ ನಮ್ಮ ಉತ್ತರ ಕನ್ನಡದ ಕ್ಯಾಸಲ್ ರಾಕ್. 1961ರ ಡಿಸೆಂಬರಿನವರೆಗೆ, ಅಂದರೆ ಸುಮಾರು ಆರು ವರ್ಷ, ಈ ಇಬ್ಬರು ಕಾಡಿನಲ್ಲಿದ್ದು ಗೋವಾದ ಮನೆಗಳೊಳಗೆ ಮಾತಾಡಿದರು.

ನಾನು ಕಾರವಾರದವಳು. ಸೌಂಡ್ ರೆಕಾರ್ಡಿಂಗ್ ನನ್ನ ಕೆಲಸ. ಅಜ್ಜಿಯ ತವರು ಕಾಣಕೋಣ ತಾಲೂಕಿನ ಲೋಲಯೆಂ. ಮಾಜಾಳಿ ದಾಟಿದರೆ ಪೊಳೆಂ, ಅದರಾಚೆ ಲೋಲಯೆಂ. ಇವತ್ತು ಸ್ಕೂಟರಿನಲ್ಲಿ ಹೋಗಿ ಊಟ ಮಾಡಿ ಬರುವ ದೂರ. ಅಜ್ಜಿಯ ಕಾಲದಲ್ಲಿ ಅದು ಬೇರೆ ದೇಶ. ತವರಿನ ಸಾವಿನ ಸುದ್ದಿ ಕೂಡ ತಡವಾಗಿ ಬರುತ್ತಿತ್ತಂತೆ. ಆ ಗಡಿಯ ಬಗ್ಗೆ ಒಂದು ಚಿತ್ರ ಮಾಡಿದೆ. ಅದನ್ನು ಮಾಡುತ್ತಾ ಕೈಗೆ ಬಂದ ಕ್ರಮ ಇಲ್ಲಿ ಬರೆಯುತ್ತಿದ್ದೇನೆ. ಕ್ಯಾಮೆರಾ ಯಾವುದು, ಲೆನ್ಸ್ ಯಾವುದು ಎಂಬ ಮಾತು ಇದರಲ್ಲಿ ಕಡಿಮೆ. ಫೋನಿನ ಕ್ಯಾಮೆರಾ ಸಾಕು. ಮೈಕು ಮಾತ್ರ ಒಳ್ಳೆಯದು ಬೇಕು.

ಪ್ರಯೋಗ ಎಲ್ಲಿಂದ ಬರಬೇಕು

'ಪ್ರಯೋಗಾತ್ಮಕ' ಅಂದ ಕೂಡಲೇ ಚಿತ್ರವನ್ನು ತಲೆಕೆಳಗೆ ಮಾಡುವುದು, ಬಣ್ಣ ಕೆಡಿಸುವುದು, ಕಟ್ ಮೇಲೆ ಕಟ್ ಹಾಕುವುದು ಅಂತ ತಿಳಿದವರು ಜಾಸ್ತಿ. ಹಾಗೆ ಮಾಡಿದರೆ ಅದು ಮೇಲಿನಿಂದ ಬಳಿದ ಬಣ್ಣ. ನಿಮ್ಮ ಚಿತ್ರದ ರೂಪ ಆ ಹೋರಾಟದ ಒಳಗಿನಿಂದಲೇ ಬರಬೇಕು. ಇಲ್ಲಿನ ಹೋರಾಟ ಕಿವಿಯಿಂದ ಕಿವಿಗೆ ಹೋಯಿತು. ಹಾಗಾಗಿ ನನ್ನ ಚಿತ್ರಕ್ಕೆ ಒಂದೇ ನಿಯಮ ಇಟ್ಟುಕೊಂಡೆ: ಶಬ್ದ ಕರೆಯದೆ ದೃಶ್ಯ ಬರಬಾರದು. ಮೊದಲು ಕೇಳಬೇಕು, ಆಮೇಲೆ ಕಾಣಬೇಕು. ಶಬ್ದ ಇದ್ದೂ ತೋರಿಸುವಂಥದ್ದು ಏನೂ ಇಲ್ಲದಿದ್ದರೆ ಪರದೆ ಕಪ್ಪಾಗಿಯೇ ಇರಬೇಕು.

ನಿಮ್ಮ ನೆಲದ ಹೋರಾಟ ಬೇರೆ ಇರಬಹುದು. ಅದು ಕಾಗದದಲ್ಲಿ ನಡೆದಿದ್ದರೆ ಕಾಗದದಿಂದ ನಿಯಮ ಮಾಡಿ. ನಡಿಗೆಯಲ್ಲಿ ನಡೆದಿದ್ದರೆ ನಡಿಗೆಯಿಂದ. ಆದರೆ ನಿಯಮ ಒಂದೇ ಇರಲಿ. ಅದನ್ನು ಒಂದು ಸಾಲಿನಲ್ಲಿ ಬರೆದು ಎಡಿಟಿಂಗ್ ಮೇಜಿನ ಎದುರು ಅಂಟಿಸಿ.

ಯಾರನ್ನು, ಹೇಗೆ ಕೇಳಬೇಕು

1961ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತೈದರ ಹತ್ತಿರ. ಆದ್ದರಿಂದ ಉಳಿದ ಎಲ್ಲ ಕೆಲಸಕ್ಕಿಂತ ಮೊದಲು ಇದನ್ನು ಮಾಡಿ. ಆರ್ಕೈವ್ ಇನ್ನೊಂದು ವರ್ಷ ಕಾಯುತ್ತದೆ. ಮನುಷ್ಯರು ಕಾಯುವುದಿಲ್ಲ.

ಮೊದಲ ಭೇಟಿಗೆ ಕ್ಯಾಮೆರಾ ಒಯ್ಯಬೇಡಿ. ರೆಕಾರ್ಡರ್ ಸಾಕು. ಕ್ಯಾಮೆರಾ ಕಂಡ ಕೂಡಲೇ ಹಿರಿಯರು ಭಾಷಣದ ದನಿಗೆ ಹೋಗುತ್ತಾರೆ, ವಿಮೋಚನಾ ದಿನವಾದ ಡಿಸೆಂಬರ್ 19ರ ಧ್ವಜಾರೋಹಣದಲ್ಲಿ ಕೇಳಿದ ಮಾತನ್ನೇ ಒಪ್ಪಿಸುತ್ತಾರೆ. 'ವಿಮೋಚನೆಯ ದಿನ ಏನಾಯಿತು?' ಅಂತಲೂ ಕೇಳಬೇಡಿ. ಅದಕ್ಕೆ ಪಠ್ಯಪುಸ್ತಕದ ಉತ್ತರ ಸಿಗುತ್ತದೆ. ನಾನು ಕೇಳುವ ಪ್ರಶ್ನೆಗಳು ಬೇರೆ. ನಿಮ್ಮ ಮನೆಯಲ್ಲಿ ರೇಡಿಯೋ ಯಾವ ಕೋಣೆಯಲ್ಲಿತ್ತು? ಇಲ್ಲದಿದ್ದರೆ ಯಾರ ಮನೆಗೆ ಹೋಗುತ್ತಿದ್ದಿರಿ? ಆ ಹೊತ್ತಿಗೆ ಕಿಟಕಿ ಮುಚ್ಚುತ್ತಿದ್ದವರು ಯಾರು? ಮಕ್ಕಳನ್ನು ಹೊರಗೆ ಕಳಿಸುತ್ತಿದ್ದರಾ? ರಾತ್ರಿ ಜೀಪಿನ ಸದ್ದು ಬಂದರೆ ಮನೆಯವರು ಏನು ಮಾಡುತ್ತಿದ್ದರು?

ಇಂಥ ಪ್ರಶ್ನೆಗೆ ಜನ ಯೋಚಿಸುತ್ತಾರೆ. ಕೈಯಲ್ಲಿ ಕೋಣೆಯ ಮೂಲೆ ತೋರಿಸುತ್ತಾರೆ. ಲೋಲಯೆಂನಲ್ಲಿ ನನ್ನ ದೂರದ ಸಂಬಂಧಿ ಅಜ್ಜಿಯೊಬ್ಬರು ರೇಡಿಯೋ ಸಣ್ಣ ಮಾಡುವಾಗ ಗುಂಡಿ ಮಾಡುತ್ತಿದ್ದ 'ಟಕ್' ಸದ್ದನ್ನು ನಾಲಿಗೆಯಲ್ಲೇ ಮಾಡಿ ತೋರಿಸಿದರು. ಹೆಸರು, ಇಸವಿ ಏನೂ ಹೇಳಲಿಲ್ಲ. ಇಡೀ ಚಿತ್ರದಲ್ಲಿ ಆ ಸದ್ದಿಗಿಂತ ಬೆಲೆಬಾಳುವುದು ನನ್ನ ಹತ್ತಿರ ಇನ್ನೊಂದಿಲ್ಲ.

ಇಬ್ಬರ ನೆನಪು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಬ್ಬರು ಮಿಲಿಟರಿ ಬೆಳಿಗ್ಗೆ ಬಂತು ಅಂತಾರೆ, ಇನ್ನೊಬ್ಬರು ರಾತ್ರಿ ಅಂತಾರೆ. ಎರಡನ್ನೂ ಇಡಿ, ಒಂದರ ಪಕ್ಕ ಒಂದು. ದಾಖಲೆಯಲ್ಲಿ ಇರುವ ಹೊತ್ತನ್ನು ಬೇಕಾದರೆ ಪರದೆಯ ಮೇಲೆ ಬರೆಯಿರಿ. ಹಿರಿಯರ ಮಾತನ್ನು ಮಾತ್ರ ತಿದ್ದಬೇಡಿ.

ಎಲ್ಲರೂ ಒಂದೇ ಥರ ಮಾತಾಡುವುದಿಲ್ಲ, ಇದಕ್ಕೂ ತಯಾರಿರಿ. ಪೋರ್ಚುಗಲ್ ಇದನ್ನು ಆಕ್ರಮಣ ಅಂತಲೇ ಕರೆಯಿತು. ಆ ಆಡಳಿತದಲ್ಲಿ ನೌಕರಿ ಮಾಡಿದ ಮನೆಗಳಿವೆ, 1961ರ ನಂತರ ಲಿಸ್ಬನ್ನಿಗೆ ಹೋದ ಮನೆಗಳಿವೆ. ಅವರ ಮಾತೂ ನಿಮ್ಮ ರೆಕಾರ್ಡರಿನಲ್ಲಿ ಇರಬೇಕು. ಇನ್ನೊಂದು ವಿಷಯ. ಹಿಂದೂಗಳು ಈ ಕಡೆ, ಕ್ರಿಶ್ಚಿಯನ್ನರು ಆ ಕಡೆ ಅಂತ ಸುಲಭವಾಗಿ ಭಾಗ ಮಾಡುವವರು ಸಿಗುತ್ತಾರೆ. ಅದು ಸುಳ್ಳು. 1928ರಲ್ಲಿ ಗೋವಾ ಕಾಂಗ್ರೆಸ್ ಕಟ್ಟಿದ ತ್ರಿಸ್ತಾಂವ್ ಬ್ರಾಗಾಂಸಾ ಕುನ್ಹಾ ಕ್ಯಾಥೊಲಿಕ್ ಮನೆತನದವರು. 1946ರ ಜೂನ್ 18ರಂದು ಮಡಗಾಂವಿನಲ್ಲಿ ರಾಮಮನೋಹರ ಲೋಹಿಯಾ ಮಾತಾಡಲು ನಿಂತಾಗ ಜೊತೆಗಿದ್ದವರು ಅಸೊಳ್ಣೆಯ ಜೂಲಿಯಾಂವ್ ಮಿನೇಜಸ್. ಕಾಡಿನಲ್ಲಿ ಮೈಕಿನ ಮುಂದೆ ಕೂತ ಲಿಬಿಯಾ ಲೋಬೋ ಕೂಡ ಕ್ಯಾಥೊಲಿಕ್ಕರೇ. ಇದನ್ನು ವಾದ ಮಾಡಿ ಹೇಳಬೇಕಿಲ್ಲ. ಹೆಸರುಗಳು ಕೇಳಿಸಿದರೆ ಸಾಕು.

ಒಪ್ಪಿಗೆಯನ್ನು ಎರಡು ಸಲ ಪಡೆಯಿರಿ. ರೆಕಾರ್ಡ್ ಮಾಡುವ ಮುಂಚೆ ಒಮ್ಮೆ. ಎಡಿಟ್ ಮಾಡಿದ ತುಣುಕನ್ನು ಅವರಿಗೇ ಕೇಳಿಸಿ ಇನ್ನೊಮ್ಮೆ. ಜೈಲು, ಹೊಡೆತ, ಮನೆಯೊಳಗಿನ ಜಗಳ ಇದ್ದ ಮಾತುಗಳಿಗೆ ಎರಡನೆಯ ಒಪ್ಪಿಗೆ ಇಲ್ಲದೆ ಮುಂದೆ ಹೋಗಲೇಬೇಡಿ.

ಶಬ್ದ ಕೂಡಿಸುವ ಕೆಲಸ

ಇದು ನನ್ನ ಕಸುಬು. ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ರೆಕಾರ್ಡರಿನ ಸೆಟ್ಟಿಂಗ್ ಹೀಗಿರಲಿ: 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಎಂಪಿ3 ಬೇಡ. ಸಂದರ್ಶನ ಮುಗಿದ ಮೇಲೆ ಎಲ್ಲರೂ ಸುಮ್ನೆ ಕೂತು, ಆ ಕೋಣೆಯ ಮೌನವನ್ನು ಒಂದೆರಡು ನಿಮಿಷ ರೆಕಾರ್ಡ್ ಮಾಡಿ. ಹಂಚಿನ ಮನೆಯ ಮೌನ ಬೇರೆ, ಸ್ಲ್ಯಾಬ್ ಮನೆಯ ಮೌನ ಬೇರೆ. ಪರದೆ ಕಪ್ಪಾದಾಗ ಈ ಮೌನವೇ ಚಿತ್ರವನ್ನು ಹಿಡಿದು ನಿಲ್ಲಿಸುತ್ತದೆ. ಪೂರ್ತಿ ನಿಶ್ಶಬ್ದ ಹಾಕಿದರೆ ನೋಡುವವರು ಸ್ಪೀಕರ್ ಕೆಟ್ಟಿತು ಅಂದುಕೊಳ್ಳುತ್ತಾರೆ.

ಕಾಂಟ್ಯಾಕ್ಟ್ ಮೈಕ್ ಒಂದು ಇರಲಿ. ನಡುಕವನ್ನು ವಿದ್ಯುತ್ ಸಂಕೇತ ಮಾಡುವ ಪೀಜೋ ಡಿಸ್ಕ್ ಎಂಬ ಪುಟ್ಟ ಬಿಲ್ಲೆಗೆ ವೈರ್ ಬೆಸೆದು ಮನೆಯಲ್ಲೇ ಮಾಡಿಕೊಳ್ಳಬಹುದು, ಖರ್ಚು ತೀರಾ ಕಡಿಮೆ. ಇದು ಗಾಳಿಯ ಶಬ್ದ ಹಿಡಿಯುವುದಿಲ್ಲ, ವಸ್ತುವಿನೊಳಗಿನ ನಡುಕ ಹಿಡಿಯುತ್ತದೆ. ಹಳೆಯ ಮರದ ರೇಡಿಯೋ ಪೆಟ್ಟಿಗೆ, ಕಬ್ಬಿಣದ ಗೇಟು, ಕಿಟಕಿಯ ಸರಳು, ಇವಕ್ಕೆ ಅಂಟಿಸಿ ಕೇಳಿ. ಹಳಿಗೆ ಅಂಟಿಸಲು ಮಾತ್ರ ಹೋಗಬೇಡಿ. ಅದು ಅಪಾಯ, ಅಪರಾಧ ಕೂಡ. ಕ್ಯಾಸಲ್ ರಾಕ್ ನಿಲ್ದಾಣದಲ್ಲಿ ರೈಲಿನ ಸದ್ದು ಬೇಕಿದ್ದರೆ ರೈಲ್ವೆಯ ಅನುಮತಿ ತೆಗೆದುಕೊಂಡು ಪ್ಲಾಟ್‌ಫಾರ್ಮಿನಿಂದಲೇ ಹಿಡಿಯಿರಿ. ಘಟ್ಟ ಇಳಿಯುವ ಗೂಡ್ಸ್ ಗಾಡಿಯ ಬ್ರೇಕಿನ ಕಿರುಚು ಬಹಳ ಹೊತ್ತು ಕಣಿವೆಯಲ್ಲಿ ಉಳಿಯುತ್ತದೆ.

ರೇಡಿಯೋದ ಹಳೆಯ ದನಿ ಬೇಕು ಅಂತ ಕಂಪ್ಯೂಟರಿನಲ್ಲಿ ಎಫೆಕ್ಟ್ ಹಾಕುವುದು ಸುಲಭ. 300 ಹರ್ಟ್ಸ್ ಕೆಳಗಿನದು, 3000 ಹರ್ಟ್ಸ್ ಮೇಲಿನದು ಕತ್ತರಿಸಿದರೆ ಆಯಿತು. ಆದರೆ ಅದರಲ್ಲಿ ಮನೆ ಇರುವುದಿಲ್ಲ. ನಾನು ಮಾಡಿದ್ದು ಹೀಗೆ. ಗಾಜಿನ ಕೊಳವೆಗಳಿರುವ ಹಳೆಯ ಕಾಲದ ವಾಲ್ವ್ ರೇಡಿಯೋ ರಿಪೇರಿ ಮಾಡಬಲ್ಲ ಹಿರಿಯ ಮೆಕ್ಯಾನಿಕ್ ಒಬ್ಬರಿಂದ ಹಳೆಯ ಸೆಟ್ಟಿಗೆ ಒಂದು ಆಡಿಯೋ ವೈರ್ ಹಾಕಿಸಿದೆ. ವಾಲ್ವ್ ಸೆಟ್ಟಿನ ಒಳಗೆ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ, ನೀವೇ ಬಿಚ್ಚಬೇಡಿ. ಇವತ್ತು ರೆಕಾರ್ಡ್ ಮಾಡಿದ ಕೊಂಕಣಿ ದನಿಯನ್ನು ಆ ಸೆಟ್ಟಿನ ಸ್ಪೀಕರಿನಿಂದ ಹೊರಡಿಸಿ, ಲೋಲಯೆಂ ಮನೆಯ ಜಗಲಿಯಲ್ಲಿಟ್ಟು, ಪಕ್ಕದ ಕೋಣೆಯಲ್ಲಿ ಮೈಕ್ ಹಿಡಿದು ಮತ್ತೆ ರೆಕಾರ್ಡ್ ಮಾಡಿದೆ. ಗೋಡೆ, ಬಾಗಿಲು, ಅಡುಗೆಮನೆಯ ಸದ್ದು ಎಲ್ಲವೂ ಸೇರಿ ಬಂತು. ಗಾಳಿಯಲ್ಲಿ ಪ್ರಸಾರ ಮಾಡಿ ಹಿಡಿಯುವ ಆಸೆ ಬರಬಹುದು. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವಂತಿಲ್ಲ, ವೈರಿನಲ್ಲೇ ಮಾಡಿ.

ಹೀಗೆ ಮಾಡಿದ ದನಿ ಬಂದಾಗಲೆಲ್ಲ ಪರದೆಯ ಮೂಲೆಯಲ್ಲಿ 'ಇಂದಿನ ದನಿ' ಎಂದು ಹಾಕಿ. ನೋಡುವವರು ಅದನ್ನು 1958ರ ಪ್ರಸಾರ ಅಂತ ನಂಬಿಬಿಟ್ಟರೆ ನಾವು ಮಾಡಿದ್ದು ಮೋಸ. 1961ರ ಡಿಸೆಂಬರಿನಲ್ಲಿ ಲೋಬೋ ಮತ್ತು ಸರದೇಸಾಯಿ ವಾಯುಪಡೆಯ ವಿಮಾನದಲ್ಲಿ ಕೂತು ಪಣಜಿಯ ಮೇಲೆ ಹಾರಾಡುತ್ತಾ ಗೋವಾ ಬಿಡುಗಡೆಯಾಯಿತು ಅಂತ ಸಾರಿದರು. ಎಂಥ ಗಳಿಗೆ ಅದು! ಆರು ವರ್ಷ ಮುಖ ಕಾಣಿಸದೆ ಮಾತಾಡಿದವರು ಆಕಾಶದಿಂದ ಮಾತಾಡಿದರು. ಇದನ್ನು ನಟರಿಂದ ಮಾಡಿಸಬೇಕು ಅನಿಸುತ್ತದೆ. ಬೇಡ. ಅವರಾಡಿದ ಮಾತಿನ ನಿಖರ ಸಾಲು ಕೈಯಲ್ಲಿ ಇಲ್ಲದಿದ್ದರೆ ಸಾಲು ಹೆಣೆಯಬೇಡಿ. ನನ್ನ ಚಿತ್ರದಲ್ಲಿ ಆ ಜಾಗದಲ್ಲಿ ವಿಮಾನದ ಎಂಜಿನ್ ಮಾತ್ರ ಇದೆ, ಪರದೆ ಕಪ್ಪು. ಮೇಲೆ ಇಬ್ಬರ ಹೆಸರು, ತಾರೀಖು. ಲಿಬಿಯಾ ಲೋಬೋ ಸರದೇಸಾಯಿ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ಅವರಿಗೆ ಆಗ ನೂರು ವರ್ಷ. ಈ ಸಂಗತಿಯನ್ನು ಅಲ್ಲೇ ಹಾಕಿದೆ.

ಜಾಗಗಳು

ಕ್ಯಾಸಲ್ ರಾಕ್‌ಗೆ ಮಳೆಗಾಲದಲ್ಲಿ ಒಮ್ಮೆ ಹೋಗಿ. ಮೈಕಿಗೆ ಕಷ್ಟ, ನಿಜ. ಆದರೆ ಆ ಮಳೆ ಕೇಳದೆ ವರ್ಷಗಟ್ಟಲೆ ಅಲ್ಲಿ ಕೂತವರ ಪಾಡು ಅರ್ಥವಾಗುವುದಿಲ್ಲ. ಕಾಡಿನೊಳಗೆ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅರ್ಜಿ ಬೇಗ ಹಾಕಿ. ನೆನಪಿಡಿ, ರೇಡಿಯೋ ಶುರುವಾದಾಗ ಉತ್ತರ ಕನ್ನಡ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು. ನಕ್ಷೆ ತೋರಿಸುವಾಗ ಇಂದಿನ ಗಡಿ ಹಾಕಿದರೆ ತಪ್ಪು ಕಥೆ ಹೇಳಿದಂತೆ.

ಅಂಜದೀವ್ ಬೇರೆಯೇ ಸವಾಲು. ಕಾರವಾರದ ಪಕ್ಕದ ಈ ದ್ವೀಪ ಪೋರ್ಚುಗೀಸರದ್ದು. 1961ರ ನವೆಂಬರಿನಲ್ಲಿ ಅಲ್ಲಿಂದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ, ಆಮೇಲೆ ಮೀನುಗಾರರ ದೋಣಿಗಳ ಮೇಲೆ ಗುಂಡು ಹಾರಿತು. ಡಿಸೆಂಬರ್ 18ರಂದು ನೌಕಾಪಡೆ ದ್ವೀಪಕ್ಕೆ ಇಳಿಯಿತು. ತ್ರಿಶೂಲ್ ಮತ್ತು ಮೈಸೂರು ಎಂಬ ಯುದ್ಧನೌಕೆಗಳಿದ್ದವು. ನಮ್ಮ ಏಳು ನಾವಿಕರು ಸತ್ತರು. ಈಗ ದ್ವೀಪ ನೌಕಾನೆಲೆಯ ಭಾಗ. ಇಳಿಯುವಂತಿಲ್ಲ, ಡ್ರೋನ್ ಮಾತೇ ಬೇಡ, ನೆಲೆಯ ಕಡೆ ಲೆನ್ಸ್ ತಿರುಗಿಸುವುದೂ ಬೇಡ. ನಾನು ಬಿಣಗಾ ಊರೊಳಗೆ ಕೂತು ಹಿರಿಯ ಮೀನುಗಾರರ ಮಾತನ್ನಷ್ಟೇ ಹಿಡಿದೆ. ಗುಂಡಿನ ಸದ್ದು ನೀರಿನ ಮೇಲೆ ಹೇಗೆ ಬರುತ್ತದೆ ಅಂತ ಒಬ್ಬರು ಅಂಗೈಯಿಂದ ದೋಣಿಯ ಹಲಗೆ ತಟ್ಟಿ ತೋರಿಸಿದರು. ದ್ವೀಪ ಒಂದು ಕ್ಷಣವೂ ಕಾಣುವುದಿಲ್ಲ, ಹಲಗೆ ಕಾಣುತ್ತದೆ. ತೋರಿಸಲು ಬಿಡದ ಜಾಗ ನಮ್ಮ ನಿಯಮಕ್ಕೆ ಸರಿಯಾಗಿ ಹೊಂದಿತು.

ಪೊಳೆಂ, ಪತ್ರಾದೇವಿ, ತೆರೆಖೋಲ್ ಇವು ಸತ್ಯಾಗ್ರಹಿಗಳು ಗಡಿ ದಾಟಿದ ಜಾಗಗಳು. 1955ರ ಆಗಸ್ಟ್ 15ರಂದು ನಿರಾಯುಧರ ಮೇಲೆ ಗುಂಡು ಹಾರಿದ್ದು, ಪತ್ರಾದೇವಿಯಲ್ಲಿ ಪಂಜಾಬಿನ ಕರ್ನೈಲ್ ಸಿಂಗ್ ಸತ್ತಿದ್ದು ಎಲ್ಲರೂ ಹೇಳುವ ಕಥೆ. ಇವತ್ತು ಅಲ್ಲಿ ಹೋದರೆ ಕೇಳುವುದು ಲಾರಿಗಳ ಗೇರ್ ಬದಲಾಗುವ ಸದ್ದು. ಅದನ್ನೇ ಹಿಡಿಯಿರಿ. ಹಿನ್ನೆಲೆಗೆ ಶೋಕದ ಕೊಳಲು ಹಾಕಬೇಡಿ. ಅಗ್ವಾದಾ ಕೋಟೆಯ ಜೈಲು ಈಗ ಮ್ಯೂಸಿಯಂ ಆಗಿದೆ, ಅಲ್ಲಿ ಸಮುದ್ರದ ಸದ್ದು ಸೆರೆಮನೆಯ ಗೋಡೆಯೊಳಗೆ ಹೇಗೆ ಕೇಳುತ್ತದೆ ಅಂತ ಕಿವಿಗೊಟ್ಟು ನೋಡಿ.

ಹಳೆಯ ಫಿಲ್ಮ್ ಸಿಕ್ಕಿದರೆ

ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಜನ್ ತೆಗೆದ ವಾರ್ತಾಚಿತ್ರಗಳಿವೆ, ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ನಲ್ಲಿ ವಿಚಾರಿಸಿ. ಕಾಗದಪತ್ರಕ್ಕೆ ಪಣಜಿಯ ಪತ್ರಾಗಾರ. ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಾಜಾರ್ ಕಾಲದ ಗುಪ್ತ ಪೊಲೀಸರ ಕಡತಗಳು ಲಿಸ್ಬನ್ನಿನ ತೋರೆ ದೊ ತೊಂಬೊ ಎಂಬ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ನಮ್ಮ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಅಂದರೆ 1961ರಲ್ಲಿ ಬಿಡುಗಡೆಯಾದದ್ದರ ಅವಧಿ 2021ರ ಕೊನೆಗೆ ಮುಗಿಯಿತು. ಆದರೂ ಒಳ್ಳೆಯ ಕಾಪಿ ಪಡೆಯಲು ಸಂಸ್ಥೆಯ ಶುಲ್ಕ, ಷರತ್ತು ಇರುತ್ತವೆ. ಫೋಟೋಗಳ ನಿಯಮ ಬೇರೆ. ಅವನ್ನು ತೆಗೆದವರ ಅಥವಾ ಅವರ ಕುಟುಂಬದ ಅನುಮತಿ ಕೇಳಿ.

ವಾರ್ತಾಚಿತ್ರವನ್ನು ಮೊದಲು ಮ್ಯೂಟ್ ಮಾಡಿ ನೋಡಿ. ಆ ಕಾಲದಲ್ಲಿ ಬಹುಪಾಲು ಶಬ್ದವಿಲ್ಲದೆ ಚಿತ್ರೀಕರಿಸಿ, ನಿರೂಪಣೆ, ಸಂಗೀತ, ಜೈಕಾರ ಎಲ್ಲವನ್ನೂ ಸ್ಟುಡಿಯೋದಲ್ಲಿ ಸೇರಿಸುತ್ತಿದ್ದರು. ಆ ದಪ್ಪ ದನಿ ದೆಹಲಿ ಸರ್ಕಾರದ್ದು, ಲೋಲಯೆಂನದ್ದಲ್ಲ. ದನಿ ತೆಗೆದ ಮೇಲೆ ಬೇರೆ ಬೇರೆ ಮುಖ ಕಾಣಲು ಶುರುವಾಗುತ್ತವೆ: ಕೈ ಬೀಸದೆ ನಿಂತವರು, ಕ್ಯಾಮೆರಾ ಕಡೆ ನೋಡದೆ ಬಾಗಿಲಲ್ಲಿ ನಿಂತ ಹೆಂಗಸು. ಅಂಥ ಒಂದು ಮುಖವನ್ನು ನಿಧಾನ ಮಾಡಿ, ಹಿರಿಯರು ರೇಡಿಯೋ ಬಗ್ಗೆ ಹೇಳಿದ ಮಾತಿನ ಮೇಲೆ ಇಡಿ. ಆದರೆ ಆ ಮುಖವೇ ಆ ಮಾತಾಡಿದವರದ್ದು ಎಂಬ ಭ್ರಮೆ ಬರದಂತೆ ಮಧ್ಯೆ ಕಪ್ಪು ಬಿಡಿ.

ಜೋಡಿಸುವುದು

1510ರಿಂದ 1961ರವರೆಗೆ 451 ವರ್ಷವನ್ನು ಹೇಳಲು ಹೊರಟರೆ ಪಾಠವಾಗುತ್ತದೆ. ನಾನು ಒಂದು ಕೇಳುವ ದಿನದ ಆಕಾರ ತೆಗೆದುಕೊಂಡೆ. ಬೆಳಗಿನ ಮನೆ, ಕಾಯುವುದು, ಪ್ರಸಾರ, ಕಿಟಕಿ ತೆರೆಯುವುದು, ಮಾರನೆಯ ದಿನದ ಪಿಸುಮಾತು. ಇತಿಹಾಸ ಪ್ರಸಾರದೊಳಗಿನಿಂದಲೇ ಬರುತ್ತದೆ. ಡಿಸೆಂಬರ್ 17-18ರ ರಾತ್ರಿ ಸೈನ್ಯ ಹೊರಟು, 19ರ ಸಂಜೆ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಶರಣಾಗತಿಗೆ ಸಹಿ ಹಾಕಿದರು. ಕೊನೆಯ ಉಸಿರಿನವರೆಗೆ ಹೋರಾಡಿ ಎಂಬ ಸಲಾಜಾರರ ಆಜ್ಞೆಯನ್ನು ಅವರು ಪಾಲಿಸಲಿಲ್ಲ. ಇಷ್ಟಕ್ಕೆ ಮೂರು ಸಾಲು ಸಾಕು. ಹಾಗೆಯೇ, 1510ರಲ್ಲಿ ಗೋವಾ ಗೆದ್ದವನು ಅಫೊನ್ಸೊ ದ ಅಲ್ಬುಕರ್ಕ್. 1961ರಲ್ಲಿ ಏಟು ತಿಂದು ದಡಕ್ಕೆ ಬಿದ್ದ ಪೋರ್ಚುಗೀಸ್ ಯುದ್ಧನೌಕೆಯ ಹೆಸರೂ ಅದೇ. ಒಂದರ ಹಿಂದೆ ಒಂದು ಹಾಕಿ, ವಿವರಣೆ ಕೊಡದೆ ಮುಂದೆ ಹೋಗಿ. ನೋಡುವವರು ತಾವೇ ಜೋಡಿಸಿಕೊಳ್ಳುತ್ತಾರೆ.

ಪೋರ್ಚುಗೀಸ್ ಮಾತು ಬಂದಾಗ ಮೊದಲ ಸಲ ಸಬ್‌ಟೈಟಲ್ ಇಲ್ಲದೆ ಬಿಡಿ. ಅದೇ ಸಾಲನ್ನು ಮತ್ತೆ ಕೇಳಿಸಿ, ಆಗ ಕನ್ನಡ ಹಾಕಿ. ಅಜ್ಜಿಯಂಥವರು ಅಧಿಕಾರದ ಭಾಷೆಯನ್ನು ಮೊದಲು ಬರೀ ಸದ್ದಾಗಿ ಕೇಳಿದ್ದರು, ಅಲ್ವಾ? ಕಾಣಕೋಣದ ಕೊಂಕಣಿಗೆ ಮಾತ್ರ ಮೊದಲಿನಿಂದಲೇ ಸಬ್‌ಟೈಟಲ್ ಇರಲಿ. ಆ ಜನರನ್ನು ಪರಕೀಯ ಮಾಡುವ ಹಕ್ಕು ನಮಗಿಲ್ಲ.

ಕನ್ನಡ ಸಬ್‌ಟೈಟಲ್ ಹಾಕುವವರಿಗೆ ಒಂದು ಕಿವಿಮಾತು. ಯೂನಿಕೋಡ್ ಫಾಂಟ್ ಬಳಸಿ, ಎರಡು ಸಾಲಿನ ನಡುವೆ ಜಾಗ ಜಾಸ್ತಿ ಕೊಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಕೆಲವು ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಒಡೆದು ಬರುತ್ತದೆ. 'ರಾಷ್ಟ್ರ', 'ಸ್ವಾತಂತ್ರ್ಯ' ಎಂಬ ಎರಡು ಪದ ಟೈಪ್ ಮಾಡಿ ನೋಡಿದರೆ ಅಲ್ಲೇ ಗೊತ್ತಾಗುತ್ತದೆ. ಇಂಥ ಚಿತ್ರದಲ್ಲಿ ಆ ಎರಡೂ ಪದ ಬಂದೇ ಬರುತ್ತವೆ.

ತೋರಿಸುವುದು, ಉಳಿಸುವುದು

ಥಿಯೇಟರಿನಲ್ಲಿ ಸಾರ್ವಜನಿಕವಾಗಿ ತೋರಿಸಲು ಸೆನ್ಸಾರ್ ಪ್ರಮಾಣಪತ್ರ ಬೇಕು. ಚಿತ್ರೋತ್ಸವಗಳಿಗೆ ವಿನಾಯಿತಿ ಪಡೆಯುವ ದಾರಿ ಇದೆ, ಆಯೋಜಕರನ್ನು ಕೇಳಿ. ಮೊದಲ ಪ್ರದರ್ಶನ ಮಾತು ಕೊಟ್ಟವರ ಊರಿನಲ್ಲೇ ಇರಲಿ. ಪ್ರೊಜೆಕ್ಟರ್ ಸಾಧಾರಣ ಇದ್ದರೂ ನಡೆಯುತ್ತದೆ, ಸ್ಪೀಕರಿಗೆ ದುಡ್ಡು ಹಾಕಿ. ಹಿರಿಯರನ್ನು ಸ್ಪೀಕರ್ ಹತ್ತಿರ ಕೂರಿಸಿ. ಪರದೆ ಕಪ್ಪಾಗುತ್ತದೆ, ಗಾಬರಿಯಾಗಬೇಡಿ ಅಂತ ಮೊದಲೇ ಹೇಳಿಬಿಡಿ.

ಚಿತ್ರ ಅರ್ಧ ಗಂಟೆ ಇರಬಹುದು, ರೆಕಾರ್ಡಿಂಗ್ ಅದರ ಎಷ್ಟೋ ಪಟ್ಟು ಇರುತ್ತದೆ. ಕತ್ತರಿಸದ ಸಂದರ್ಶನಗಳೇ ಮುಂದಿನವರಿಗೆ ಆಸ್ತಿ. ಪ್ರತಿ ಫೈಲಿನ ಹೆಸರಿನಲ್ಲಿ ಊರು, ತಾರೀಖು, ಭಾಷೆ ಬರೆಯಿರಿ. ಎರಡು ಡಿಸ್ಕಿನಲ್ಲಿಟ್ಟು, ಎರಡನ್ನೂ ಬೇರೆ ಬೇರೆ ಮನೆಯಲ್ಲಿಡಿ. ಮಾತಾಡಿದವರ ಮನೆಗೆ ಅವರ ಪೂರ್ತಿ ರೆಕಾರ್ಡಿಂಗಿನ ಕಾಪಿ ಕೊಡಿ. ಅವರು ಲಿಖಿತವಾಗಿ ಒಪ್ಪಿದರೆ ಒಂದು ಪ್ರತಿ ಪತ್ರಾಗಾರಕ್ಕೂ ಕೊಡಿ. ಮನೆಗೆ ಕೊಡಲು ಹೋಗುವಾಗ ಹೆಡ್‌ಫೋನ್ ಒಯ್ಯಿರಿ. ಫೋನಿನ ಸ್ಪೀಕರಿನಲ್ಲಿ ಹಾಕಿದರೆ ದನಿಯ ಕೆಳಗಿನ ಸ್ವರವೆಲ್ಲ ಕಳೆದುಹೋಗಿ, ಅಪ್ಪನದ್ದೋ ಅಜ್ಜಿಯದ್ದೋ ದನಿ ಮನೆಯವರಿಗೇ ಗುರುತು ಸಿಗುವುದು ಕಷ್ಟ.